ಐನೂರರ ಬಿಲ್ಲೆ

ಬಿ.ಎಂ. ರಸ್ತೆಯಲ್ಲಿ, ಟೈಲ್ಸ್ ಅಂಗಡಿಯ ನೆತ್ತಿಯ ಮೇಲೆ
ಮೂರನೇ ಮಹಡಿ, ನಾಲ್ಕು ಲೇನು.
ಗುರುವಾರ ಸಂಜೆ ಐದಕ್ಕೆ ನಾನು ಎಣ್ಣೆ ಬಳಿಯುತ್ತೇನೆ.
ದೀಪಕ್ಕಲ್ಲ, ಒಗ್ಗರಣೆಗಲ್ಲ,
ಅರವತ್ತಡಿ ದಾರಿಗೆ, ಅದರಲ್ಲೂ ಮೊದಲ ನಲವತ್ತಡಿಗೆ ಮಾತ್ರ.
ನಿಂತು ನೋಡಿದರೆ ಕಾಣುವುದಿಲ್ಲ.
ಬಗ್ಗಿ, ಕೆನ್ನೆ ನೆಲಕ್ಕಿಟ್ಟು ನೋಡಬೇಕು:
ಟ್ಯೂಬ್‌ಲೈಟಿನ ನೆರಳು ಎಲ್ಲಿ ಕದಡುತ್ತದೋ
ಅಲ್ಲಿಗೆ ಎಣ್ಣೆ ಮುಗಿಯಿತು.

ಮಿಷನ್ನು ಮಂಗಳೂರಿನಲ್ಲಿ ದುಡಿದು ದಣಿದು ಬಂದದ್ದು.
ಬತ್ತಿ ಒಂದು ಕಡೆ ಹರಿದಿದೆ,
ಎಡಬದಿಗೆ ಧಾರಾಳ, ಬಲಬದಿಗೆ ಜಿಪುಣ.
ಓನರಿಗೆ ಹೇಳಿದೆ. "ಆಡೋರಿಗೆ ಗೊತ್ತಾಗುತ್ತಾ?" ಅಂದರು.

ಗೊತ್ತಾಗುತ್ತದೆ, ಜಸಿಂತಾಗೆ.
ಜಿಲ್ಲಾಸ್ಪತ್ರೆಯ ಲ್ಯಾಬಿನಲ್ಲಿ ಬೆಳಿಗ್ಗೆಯಿಡೀ
ಸಿಗದ ನರ ಹುಡುಕುವ ಎಡಗೈ ಅವಳದು.
ಮಿಕ್ಕ ಹನ್ನೊಂದು ಮಂದಿ ಬಲಗೈಯವರು.
ಒಂಬತ್ತು ಗಂಟೆಯ ಹೊತ್ತಿಗೆ ಬಲಬದಿಯ ಎಣ್ಣೆಯನ್ನು
ಅವರ ಚೆಂಡುಗಳು ನೆಕ್ಕಿ ಮುಗಿಸಿರುತ್ತವೆ.
ಎಡಬದಿ ಹಾಗೇ, ಯಾರೂ ತುಳಿಯದ ಪಾಚಿ.
ಅಲ್ಲಿ ಅವಳ ಚೆಂಡು ಜಾರಿ ಜಾರಿ
ತಿರುಗಬೇಕಾದಲ್ಲಿ ತಿರುಗುವುದನ್ನೇ ಮರೆತು
ನೇರ ಹೋಗಿ ಗೋಡೆ ಗುದ್ದುತ್ತದೆ.

"ಸಾಣೆ ಹಿಡಿ" ಅಂತ ನನಗೆ ಕೊಡುತ್ತಾಳೆ.
ಹದಿನಾಲ್ಕು ಪೌಂಡು, ನೇರಳೆ ಬಣ್ಣ.
ಗುಂಡಿಗಳಿಗೆ ಟೇಪು ಸುತ್ತಿ
ಬಿಸಿನೀರಿನ ಬಕೆಟ್ಟಿಗಿಳಿಸಿದರೆ
ಕುಡಿದ ಎಣ್ಣೆಯನ್ನೆಲ್ಲ ಬೆವರುತ್ತದೆ, ಜ್ವರ ಬಿಟ್ಟವರ ಹಾಗೆ.
ಆಮೇಲೆ ಬಿಲ್ಲೆ. ನಾಲ್ಕು ಸಾವಿರದ್ದಾದರೆ ಮಿಂಚು,
ಸಾವಿರದ್ದು ಮಂಕು, ಐನೂರರದು ಬೆಕ್ಕಿನ ನಾಲಿಗೆ.
ಎಣ್ಣೆ ಹೆಚ್ಚಿದ್ದರೆ ಒರಟು, ಒಣಗಿದ್ದರೆ ನುಣುಪು.
ಆಟ ಶುರುವಾದ ಮೇಲೆ ಮುಟ್ಟುವಂತಿಲ್ಲ, ಅದು ರೂಲು.
ಒಂಬತ್ತು ಗಂಟೆಯ ಎಣ್ಣೆಗೆ
ಆರು ಗಂಟೆಗೇ ಊಹಿಸಿ ತೀಡಬೇಕು.

ಈ ನಂಬರುಗಳು ನನಗೆ ಹೊಸವಲ್ಲ.
ಅಪ್ಪ ಮೊಸಾಯಿಕ್ ಪಾಲಿಶಿನ ಜವರಣ್ಣ.
ಅರವತ್ತರ ಕಲ್ಲು, ನೂರಿಪ್ಪತ್ತರದು, ಮುನ್ನೂರಿಪ್ಪತ್ತರದು,
ಕೊನೆಗೆ ಆಸಿಡ್ ಪುಡಿ, ಗೋಣಿತಾಟು.
ಹಾಸನದ ಎಷ್ಟು ಹಜಾರಗಳಲ್ಲಿ ಎಷ್ಟು ಮಕ್ಕಳು
ಅವನ ಕೆಲಸದ ಮೇಲೆ ಜಾರಿಬಿದ್ದರೋ!
"ನೀರು ಚೆಲ್ಲಿ ನೋಡು. ನಿಂತರೆ ಕಲ್ಲಿಗೆ ಹೊಟ್ಟೆ ತುಂಬಿದೆ,
ಇಂಗಿದರೆ ಇನ್ನೂ ಹಸಿವು."
ಆಮೇಲೆ ಟೈಲ್ಸ್ ಬಂತು. ಅಂಟಿಸಿದರೆ ಮುಗಿಯಿತು.
ಅದೇ ಅಂಗಡಿಯ ಲಿಫ್ಟಿನಲ್ಲಿ ನಾನು ದಿನಾ ಮೇಲೆ ಬರುತ್ತೇನೆ.

ಮೊನ್ನೆ ತಣ್ಣೀರುಹಳ್ಳದ ರೇಷನ್ ಅಂಗಡಿ.
ಅಪ್ಪ ಹೆಬ್ಬೆಟ್ಟು ಒತ್ತಿದ. ಕೆಂಪು ದೀಪ.
ಪಂಚೆಗೆ ಒರೆಸಿ ಒತ್ತಿದ. ಕೆಂಪು.
ಹತ್ತೂ ಬೆರಳು ನೋಡಿಯಾಯಿತು.
ಮೂವತ್ತು ವರ್ಷ ನೆಲದ ಗೀರು ಅಳಿಸಿದ ಕೈ
ತನ್ನ ಗೆರೆಗಳನ್ನೂ ಅಳಿಸಿಕೊಂಡಿತ್ತು.
ಗಾಜಿನ ಮೇಲೆ ಜಾರುತ್ತಿತ್ತು, ಹಿಡಿತವಿಲ್ಲ,
ಎಡಬದಿಯ ಚೆಂಡಿನ ಹಾಗೆ.
ಸಾಲಿನಲ್ಲಿ ಯಾರೋ ಕೆಮ್ಮಿದರು.
ಅಪ್ಪ ನನ್ನ ಕಡೆ ತಿರುಗಿ, ಹೆಬ್ಬೆರಳು ಚಾಚಿ,
"ನಿನ್ನ ಐನೂರರ ಬಿಲ್ಲೆ ಇದಕ್ಕೊಂದು ಸುತ್ತು ಹಾಕೇ" ಅಂದ.
ನಗಬೇಕೋ ಬೇಡವೋ ತಿಳಿಯದೆ ಅಂಗಡಿಯವನೂ ನಕ್ಕ.
ನನ್ನ ಹೆಬ್ಬೆಟ್ಟಿಗೆ ಹಸಿರು ಬಂತು,
ಎರಡನೇ ಸಲಕ್ಕೆ.

ಈ ಗುರುವಾರ ಜಸಿಂತಾಳ ಚೆಂಡಿಗೆ ಐನೂರು,
ಅದರ ಮೇಲೆ ಒಂದು ಸುತ್ತು, ಒಂದೇ ಸುತ್ತು, ಸಾವಿರದ್ದು.
ನನ್ನ ಬೆರಳುಗಳಿಗೆ ಸುತ್ತಿದ್ದ ಟೇಪು ನೋಡಿದಳು,
ಏನೂ ಕೇಳಲಿಲ್ಲ.

ಕಡೆಯ ಫ್ರೇಮು. ಚೆಂಡು ಎಣ್ಣೆಯ ಮೇಲೆ ತೇಲಿ,
ನಲವತ್ತನೇ ಅಡಿಯಲ್ಲಿ ಏನೋ ನೆನಪಾದಂತೆ ತಡವರಿಸಿ,
ತಿರುಗಿತು.
ಒಂಬತ್ತು ಬಿದ್ದವು.
ಮೂಲೆಯ ಏಳನೇ ಪಿನ್ನು ಅಲ್ಲಾಡಿ, ಅಲ್ಲಾಡಿ,
ನಿಂತೇಬಿಟ್ಟಿತು.

"ಒಂದು ಸುತ್ತು ಜಾಸ್ತಿ ಆಯ್ತೇನೋ" ಅಂದೆ.
"ಕಮ್ಮಿ ಆಯ್ತೇನೋ" ಅಂದಳು.
ಇನ್ನೊಂದು ಎಸೆತ ಬಾಕಿಯಿತ್ತು.
ಅದಕ್ಕೂ ಮೊದಲು ಇಬ್ಬರೂ ಬಗ್ಗಿ
ಕೆನ್ನೆ ನೆಲಕ್ಕಿಟ್ಟು ನೋಡಿದೆವು.